ತಂಗಳು ತಂಗಳೇ

"ತಂಗಳಲ್ಲ ಅತ್ತೆ, ಫ್ರೀಜರಲ್ಲಿ ಇಟ್ಟಿದ್ದು. ಸುಮ್ನೆ ಯಾಕೆ ಹಾಳು ಮಾಡೋದು?" ಎನ್ನುತ್ತಿದ್ದಳು ಸೊಸೆ.

"ಮಂಜುಗಡ್ಡೆ ಒಳಗಿಟ್ರೂ ತಂಗಳು ತಂಗಳೇ ಕಣೇ," ಎಂದು ಅತ್ತೆ ತಟ್ಟೆಯನ್ನು ಆಚೆ ತಳ್ಳುತ್ತಿದ್ದರು. ಸಾಯುವವರೆಗೂ ಫ್ರೀಜರಿನದ್ದು ಒಂದು ತುತ್ತೂ ಮುಟ್ಟಲಿಲ್ಲ.

ಅವರ ವರ್ಷದ ತಿಥಿ ಬಂತು. ಮಗ ತಾರಸಿಯ ಮೇಲೆ ಎಲೆ ಹಾಕಿ, ಅನ್ನ, ಪಾಯಸ, ವಡೆ ಬಡಿಸಿ ಕಾಗೆಯನ್ನು ಕರೆದ. ಒಂದು ಕಾಗೆ ಬಂದು ಕೂತಿತು. ಅನ್ನ ತಿಂದಿತು, ಪಾಯಸಕ್ಕೂ ಕೊಕ್ಕು ಹಾಕಿತು. ವಡೆಯನ್ನು ಮಾತ್ರ ಒಮ್ಮೆ ಕುಕ್ಕಿ ನೋಡಿ ಎಲೆಯಿಂದ ಆಚೆ ತಳ್ಳಿತು.

"ಅಮ್ಮಂಗೆ ವಡೆ ಅಂದ್ರೆ ಪ್ರಾಣ. ಇದು ಅಮ್ಮ ಅಲ್ಲ ಬಿಡು, ಯಾವ್ದೋ ಬೇರೆ ಕಾಗೆ," ಎಂದು ಅವನು ಕಣ್ಣೊರೆಸಿಕೊಂಡ.

ಹೆಂಡತಿ ದನಿ ತಗ್ಗಿಸಿದಳು. "ಅನುಮಾನವೇ ಬೇಡ ರೀ, ಇವ್ರು ಅತ್ತೇನೇ. ವಡೆ ಯುಗಾದೀಲಿ ಮಾಡಿದ್ದು."