ಬಹುವಚನ

"ನೀವು ಸ್ವಲ್ಪ ಆ ಕಡೆ ಸರೀತೀರಾ? ಬೆಳಕಿಗೆ ಅಡ್ಡ ಇದ್ದೀರಿ," ಎಂದಳು ಹೆಂಡತಿ.

ಕನ್ನಡಕದಂಗಡಿಯವನು ಹಿಂತಿರುಗಿ ನೋಡಿದ. ಯಾರೋ ಗಿರಾಕಿ ಬಂದು ನಿಂತಿರಬೇಕು ಎಂದುಕೊಂಡ. ಯಾರೂ ಇರಲಿಲ್ಲ. ಅಂಗಡಿಯ ಹಿಂಭಾಗದಲ್ಲಿ, ಅರ್ಧ ಎತ್ತರದ ಪ್ಲೈವುಡ್ ಹಲಗೆಯ ಆಚೆ, ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಅವಳು ಅವನನ್ನೇ ನೋಡುತ್ತಿದ್ದಳು. ಅವನು ಸರಿದು ನಿಂತ. "ಥ್ಯಾಂಕ್ಸ್ ರೀ," ಎಂದು ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದಳು.

ರೀ! ಇಬ್ಬರೂ ಮೆಚ್ಚಿ ಮದುವೆಯಾದವರು. ಅಂದಿನಿಂದ ಅವಳ ಬಾಯಲ್ಲಿ ಅವನು "ಲೋ", "ಕಣೋ". ಮುದ್ದು ಬಂದರೆ "ಗೂಬೆ". ಸಿಟ್ಟು ಬಂದರೂ ಗೂಬೆಯೇ, ರಾಗ ಮಾತ್ರ ಬೇರೆ. ಗಂಡಸು ಎಂಥ ಬೈಗುಳವನ್ನಾದರೂ ತಡೆದುಕೊಂಡಾನು, ಬಹುವಚನವನ್ನು ತಡೆದುಕೊಳ್ಳಲಾರ. ಅವನ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು. ಏನು ತಪ್ಪಾಯಿತು? ಅವಳು ಹುಟ್ಟಿದ ದಿನ ಕಳೆದ ತಿಂಗಳೇ ಮುಗಿದಿತ್ತು. ಅವಳ ತಮ್ಮನ ಬಗ್ಗೆ ಅವನು ಏನೂ ಅಂದಿರಲಿಲ್ಲ. ಅಂದಿದ್ದರೂ ಅವಳಿಗೆ ಕೇಳಿಸುವ ಹಾಗೆ ಅಂದಿರಲಿಲ್ಲ.

ಮಧ್ಯಾಹ್ನ ಅವನ ಅಕ್ಕ ಬಂದಳು, ಮೂಗಿನಿಂದ ಜಾರುವ ಕನ್ನಡಕವನ್ನು ಬಿಗಿ ಮಾಡಿಸಿಕೊಂಡು ಹೋಗಲು. ಒಳಗೆ ಯಂತ್ರ ಗುರ್ರೆನ್ನುತ್ತಿತ್ತು. ಅದೇ ಧೈರ್ಯದ ಮೇಲೆ ಅವನು ಪಿಸುಗುಟ್ಟಿದ.

"ಅಕ್ಕಾ, ಇವಳು ಬೆಳಗ್ಗೆಯಿಂದ ನನಗೆ ನೀವು ಅಂತಿದ್ದಾಳೆ."

"ಅಯ್ಯೋ ನಿನ್ನ! ಅದಕ್ಕಾ ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡ್ಕೊಂಡಿರೋದು? ನಿನ್ನ ಭಾವನಿಗೆ ನಾನು ಮೊದಲಿಂದ ನೀವು ಅಂತಾನೇ ಅನ್ನೋದು. ಬೈಯೋದನ್ನೆಲ್ಲ ಅದರಲ್ಲೇ ಬೈದಿದ್ದೀನಿ. ಏನೂ ಕಮ್ಮಿ ಬಿದ್ದಿಲ್ಲ."

"ಇದು ಹಾಗಲ್ಲ ಕಣೇ. ಇವಳಿಗೆ ಸಿಟ್ಟೇ ಬಂದಿಲ್ಲ."

"ಪಾತ್ರೆ ಕುಕ್ತಿದ್ದಾಳಾ?"

"ಇಲ್ಲ."

"ಮುಖ ತಿರುಗಿಸ್ತಾಳಾ?"

"ಅದೂ ಇಲ್ಲ. ನಗ್‌ನಗ್ತಾ ಮಾತಾಡ್ತಾಳೆ."

ಅಕ್ಕನ ಮುಖ ಸಪ್ಪಗಾಯಿತು. "ಅತಿ ವಿನಯ ಧೂರ್ತ ಲಕ್ಷಣ ಅಂತಾರಪ್ಪ. ಕೆಲಸ ಕೆಟ್ಟಿದೆ, ನೋಡ್ಕೋ," ಎಂದವಳೇ ಕನ್ನಡಕ ಏರಿಸಿಕೊಂಡು ಹೊರಟುಹೋದಳು. ಬೆಂಕಿ ಆರಿಸು ಎಂದು ಕರೆದರೆ ಎಣ್ಣೆ ಸುರಿದು ಹೋಗುವುದು ಅವಳಿಗೆ ಮೊದಲಿಂದಲೂ ಅಭ್ಯಾಸ.

ಅವನಿಗೆ ಇನ್ನು ತಡೆಯಲಾಗಲಿಲ್ಲ. ಅವಳಿಲ್ಲದ ಅಂಗಡಿ, ಅವಳಿಲ್ಲದ ಮನೆ, ಎರಡೂ ಒಮ್ಮೆಗೇ ಕಣ್ಣ ಮುಂದೆ ಬಂದವು. ನೇರ ಒಳಗೆ ಹೋಗಿ ಯಂತ್ರದ ಸ್ವಿಚ್ ಆರಿಸಿದ.

"ಏನಾಗಿದೆಯೇ ನಿನಗೆ? ನನ್ನ ಬಿಟ್ಟು ಹೋಗಬೇಕು ಅಂತ ಇದ್ದರೆ ಬಾಯಿಬಿಟ್ಟು ಹೇಳು. ಈ ನೀವು ಗೀವು ಎಲ್ಲಾ ಬೇಡ."

ಅವಳು ಕಣ್ಣರಳಿಸಿದಳು. "ಬಿಟ್ಟು ಹೋಗೋದಾ? ನಿಮ್ಮನ್ನಾ? ಈಗ ತಾನೇ ಸಿಕ್ಕಿದ್ದೀರಲ್ಲ!"

ಅವನು ಮತ್ತೊಮ್ಮೆ ಹಿಂತಿರುಗಿ ನೋಡಿದ.

"ನೆನ್ನೆ ಗಾಜಿನ ಚೂರು ಬೆರಳಿಗೆ ಹೊಕ್ಕಿತು," ಎಂದಳು ಅವಳು, ಯೋಚಿಸಿ ಯೋಚಿಸಿ. "ಅಮ್ಮಾ ಅಂದೆ. 'ಪ್ಲಾಸ್ಟರ್ ಡ್ರಾಯರಲ್ಲಿದೆ ನೋಡೇ' ಅಂತ ಒಬ್ಬ ಕೂಗಿದ. ಅದೇ ಹೊತ್ತಿಗೆ ಹಲಗೆ ಆಚೆ ಇನ್ನೊಬ್ಬರು ಯಾರನ್ನೋ ಕೇಳ್ತಿದ್ದರು. 'ಕಿವಿ ಹಿಂದೆ ಒತ್ತುತ್ತಾ ಮೇಡಂ? ನಿಧಾನವಾಗಿ ಹೇಳಿ, ಅವಸರ ಏನೂ ಇಲ್ಲ' ಅಂತ. ಎಷ್ಟು ಒಳ್ಳೇ ಮನುಷ್ಯ ಅನ್ನಿಸ್ತು. ನನಗೆ ಅವರ ಪರಿಚಯವೇ ಇಲ್ಲ. ಪರಿಚಯ ಇಲ್ಲದವರನ್ನ ನೀವು ಅಂತಾನೇ ಅಲ್ವಾ ಮಾತಾಡಿಸೋದು?"

"ಅದೂ ನಾನೇ ಕಣೇ ಗೂಬೆ!"

"ಹೌದಾ? ಮತ್ತೆ ಡ್ರಾಯರ್ ತೋರಿಸಿದ್ದು ಯಾರು?"

ಚುಚ್ಚಲು ಕೇಳಿದಂತಿರಲಿಲ್ಲ. ಅವಳಿಗೂ ನಿಜವಾಗಿ ತಿಳಿಯದೆ ಕೇಳುತ್ತಿದ್ದಾಳೆ ಎನ್ನಿಸಿ ಅವನಿಗೆ ಇನ್ನೂ ಭಯವಾಯಿತು. ಅಂಗಡಿಯ ಮುಂಭಾಗದಲ್ಲಿ ಕೂರುವ ಆ ಸಭ್ಯಸ್ಥನ ಮೇಲೆ ಹೊಟ್ಟೆ ಉರಿಯಿತು. ಹೆಂಡತಿಯ ಮನಸ್ಸು ಕದ್ದವನಿಗೆ ನಾಲ್ಕು ಬಾರಿಸೋಣವೆಂದರೆ, ಬಾರಿಸಬೇಕಾದದ್ದು ತನ್ನ ಕೆನ್ನೆಗೇ! ಅವಳು ತನಗೆ ಹತ್ತಿರವಾಗಿದ್ದಾಳೋ, ದೂರವಾಗಿದ್ದಾಳೋ? ಇದು ಹೊಗಳಿಕೆಯೋ, ಛೀಮಾರಿಯೋ? ಒಂದೂ ಬಗೆಹರಿಯಲಿಲ್ಲ.

ಅವಳ ತೋರುಬೆರಳಿನ ಪ್ಲಾಸ್ಟರ್ ಗಾಜಿನ ಪುಡಿ ಮೆತ್ತಿಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ನೆನ್ನೆಯಿಂದ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಕೈ ಹಿಡಿದುಕೊಂಡ. ಏನಾದರೂ ಕೇಳಬೇಕು. ನಿನಗೆ ಎಂದರೆ ತಾನು ಡ್ರಾಯರ್ ತೋರಿಸಿದವನೇ. ನಿಮಗೆ ಎಂದರೆ ಕಟ್ಟಿಕೊಂಡ ಹೆಂಡತಿಯನ್ನು ಗಿರಾಕಿ ಮಾಡಿದ ಹಾಗೆ. ಅಲ್ಲದೆ ಅದಕ್ಕೆ ನಾಲಿಗೆಯೂ ಹೊರಳಲೊಲ್ಲದು. ಪುಣ್ಯಕ್ಕೆ ನಮ್ಮ ಭಾಷೆಗೆ ಕರುಣೆಯಿದೆ, ಎರಡನ್ನೂ ಬಿಟ್ಟು ಮಾತು ಮುಗಿಸಬಹುದು.

"ನೋಯ್ತಾ ಇದ್ಯಾ?" ಎಂದು ಕೇಳಿ, ಸದ್ಯ ಪಾರಾದೆ ಎಂದುಕೊಂಡ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತಾ ಕೇಳಿದಳು:

"ಯಾರಿಗೆ?"