ದೊಡ್ಡ ಬಾಕ್ಸು

"ಇದ್ರಾಗೆ ನಿಂದು ಎಲ್ಲೈತೆ ಬೀರೇಶ?" ಮೊಬೈಲನ್ನು ಕಿವಿಗೆ ಒತ್ತಿಕೊಂಡು ಅವ್ವ ಮಲ್ಲಕ್ಕ ಕೇಳಿದಳು. ಬೀರೇಶ ಇಷ್ಟು ವರ್ಷ ಬೇಸ್ ಗಿಟಾರ್ ನುಡಿಸಿದ ರಾಕ್ ಬ್ಯಾಂಡಿನ ಹೊಸ ಹಾಡು ಅದು. ಅವನನ್ನು ಕೈಬಿಟ್ಟು, ಬೇಸನ್ನು ಕಂಪ್ಯೂಟರಿನಲ್ಲೇ ಹಾಕಿ ಮಾಡಿದ ಮೊದಲ ಹಾಡು. ಅದನ್ನು ಹೇಳಲೆಂದೇ ಚಿಕ್ಕಜಾಜೂರಿನಲ್ಲಿ ರೈಲಿಳಿದು ಬಂದಿದ್ದ. ಬಾಯಿಗೆ ಬಂದದ್ದೇ ಬೇರೆ: "ಬೇಸು ಮೊಬೈಲಿನಾಗೆ ಕೇಳ್ಸಲ್ಲವ್ವ, ದೊಡ್ಡ ಬಾಕ್ಸು ಬೇಕು."

ಅವ್ವ ಬಿಡಲಿಲ್ಲ. ಮದುವೆಗಳಿಗೆ ಸೌಂಡ್ ಸಿಸ್ಟಮ್ ಹಾಕುವ ಪಕ್ಕದ ಮನೆಯ ಪರಮೇಶನಿಗೆ ಹೇಳಿ, ಆಳೆತ್ತರದ ಬಾಕ್ಸನ್ನು ಅಂಗಳದಲ್ಲಿ ಇಡಿಸಿದಳು. ಹಾಡು ಶುರುವಾಯಿತು. ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ಮರಿ ಮಿಸುಕುತ್ತದೆಯೇ ಎಂದು ನೋಡುವ ಹಾಗೆ ಬಾಕ್ಸಿನ ಮೇಲೆ ಅಂಗೈ ಇಟ್ಟಳು. ಒಳಗಿನ ಅದುರು ಕೈಗೆ ತಾಗುತ್ತಲೇ ಮುಖ ಅರಳಿತು.

"ಸಿಕ್ತು ನೋಡು! ಇದೇ ನಿಂದು, ಅಲ್ವೇನಪ್ಪ?"

ಬೀರೇಶ ಹೂಂಗುಟ್ಟಿದ.