ಇನ್ನೊಂದು ಚಮಚ, ಅಮ್ಮಾ

ಬಟ್ಟಲು ತುಂಬ ಇದ್ದ ಗ್ರೀಕ್ ಯೋಗರ್ಟನ್ನು ಅಕ್ಕ ಕೊತಕೊತ ಕುದಿಯುತ್ತಿದ್ದ ಕುಂಬಳಕಾಯಿ ಸೂಪಿಗೆ ಒಂದೇ ಏಟಿಗೆ ಸುರಿದುಬಿಟ್ಟಳು. ಎದುರಿಗೆ ಫೋನು ಹಿಡಿದು ನಿಂತಿದ್ದ ತಂಗಿಯ ಎದೆ ಧಸಕ್ಕೆಂದಿತು. ವಿಡಿಯೋ ಓಡುವಾಗ ತುಟಿ ಪಿಟಕ್ಕೆನ್ನಬಾರದೆಂದು ಮೊದಲೇ ಅಪ್ಪಣೆಯಾಗಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಅಮ್ಮನಿಗೆ ನೋವಿಲ್ಲದೆ ಇಳಿಯುತ್ತಿದ್ದುದು ಆ ಯೋಗರ್ಟೊಂದೇ. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿಸಿ, ಬೆಣ್ಣೆಯ ಹಾಗೆ ನುಣ್ಣಗೆ ಕಡೆದು, ಅಮ್ಮನ ಮಧ್ಯಾಹ್ನದ ಊಟಕ್ಕೆಂದು ತಂಗಿಯೇ ಎತ್ತಿಟ್ಟಿದ್ದಳು.

ನೋಡನೋಡುತ್ತಲೇ ಸೂಪು ಒಡೆಯಿತು. ಮೇಲೆಲ್ಲ ಬಿಳಿ ತರಿ, ಕೆಳಗೆ ಹಳದಿ ನೀರು. ಅಕ್ಕ ಅಳುಕಿದಳೇ? ಅಳುಕುವ ಜಾತಿಯೇ ಅಲ್ಲ ಅದು. "ನೋಡಿ ಫ್ರೆಂಡ್ಸ್, ಈ ಸಣ್ಣ ಸಣ್ಣ ಕಾಳು ಕಾಣಿಸ್ತಿದೆಯಲ್ಲ, ಇದೇ ಪ್ರೋಟೀನು!" ಎಂದು ಫೋನಿನ ಕಡೆ ಕಣ್ಣರಳಿಸಿದಳು. ಸುಳ್ಳು ಹೇಳುವುದಕ್ಕೂ ಗುಂಡಿಗೆ ಬೇಕಪ್ಪಾ ಎಂದುಕೊಂಡಳು ತಂಗಿ.

ಫೋನಿನಲ್ಲಿ ಅವಳನ್ನು ನೋಡುವ ಜನ ‘ಯೋಗರ್ಟ್ ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳ ಬಾಯಲ್ಲಿ ಎಣ್ಣೆ ಎಂದರೆ ವಿಷ, ಕೆನೆ ಎಂದರೆ ಪಾಪ, ಎಲ್ಲದಕ್ಕೂ ಯೋಗರ್ಟೇ ಮದ್ದು. ಅಮ್ಮನ ಮನೆಗೆ ಬರುವುದು ಮಾತ್ರ ಅಪರೂಪ. ಬಂದರೂ ಹೆಗಲಿನ ಚೀಲ ಇಳಿಸದೆ, "ಹೇಗಿದ್ದೀಯಮ್ಮಾ, ಬರ್ಲಾ?" ಎಂದು ಒಂದೇ ಉಸಿರಿಗೆ ಕೇಳಿ ನಡೆದುಬಿಡುವವಳು. ಇವತ್ತು ಚೀಲ ಇಳಿಸಿದ್ದಳು, ಯಾಕೆಂದರೆ ‘ನಮ್ಮಮ್ಮನಿಗೆ ನಾನು ಕೊಡುವ ಆಹಾರ’ ಅನ್ನುವ ವಿಡಿಯೋ ಆಗಬೇಕಿತ್ತು. ನಾನು ಅಂತೆ, ನಾನು! ಆಸ್ಪತ್ರೆಯ ಬೆಂಚು ಹೇಗಿದೆ ಅಂತಲೂ ಕಂಡವಳಲ್ಲ.

"ಅಕ್ಕಾ, ಅದನ್ನ ಅಮ್ಮಂಗೆ ಕೊಡಬೇಡ ಕಣೇ. ತರಿತರಿ ಆಗಿದೆ, ಗಂಟಲಿಗೆ ಚುಚ್ಚುತ್ತೆ."

"ಒಂದು ಚಮಚ ತಾನೇ? ಒಂದು ಚಮಚಕ್ಕೆ ಏನಾಗ್ಬಿಡುತ್ತೆ? ನಿಂದೆಲ್ಲ ಅತಿ."

"ಮಿಕ್ಸಿಗಾದ್ರೂ ಹಾಕ್ತೀನಿ, ತಡಿ."

"ಅಷ್ಟು ಹೊತ್ತು ಯಾರಿಗಿದೆ? ಬೆಳಕು ಹೋಗ್ಬಿಡುತ್ತೆ. ನೀನು ಫೋನ್ ನೆಟ್ಟಗೆ ಹಿಡ್ಕೋ, ಸಾಕು."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಅಕ್ಕ ತಾನೇ ತಲೆ ಬಾಚಿದಳು. ಸೂಪು ಆರಿಸಿ, ಒಂದು ಕೈಯನ್ನು ಅಮ್ಮನ ಭುಜದ ಮೇಲಿಟ್ಟು, ಅದೂ ಫೋನಿಗೆ ಕಾಣುವ ಕಡೆಯ ಭುಜ, ಚಮಚ ಬಾಯಿಗಿಟ್ಟಳು. ಅಮ್ಮ ಕಣ್ಣು ಮುಚ್ಚಿಕೊಂಡು ನುಂಗಿದಳು. ಕತ್ತಿನ ನರ ಉಬ್ಬಿ ಇಳಿಯಿತು. ನಗು ಬರಲಿಲ್ಲ.

"ನುಂಗಿ ಒಂಚೂರು ನಗಮ್ಮಾ! ‘ಚೆನ್ನಾಗಿದೆ ಮಗಳೇ’ ಅಂದ್ಬಿಡು, ಅಷ್ಟೇ. ಮುಗೀತು ಕೆಲಸ."

ಇನ್ನೊಂದು ಚಮಚ ಹೋಯಿತು. ಅಮ್ಮ ‘ಚೆನ್ನಾಗಿದೆ’ ಎಂದಳು, ಆದರೆ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಮತ್ತೊಂದಕ್ಕೆ ನಗು ಬಂತು, ಆಗ ನೋಡಿದರೆ ಕಣ್ಣು ಗೋಡೆಯ ಕಡೆ. ಆಮೇಲಿನದಕ್ಕೆ ಕೆಮ್ಮು. ಅಕ್ಕ ತನ್ನ ಕರ್ಚೀಫಿನಿಂದಲೇ ಅಮ್ಮನ ಗಲ್ಲ ಒರೆಸಿದಳು, ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ನಗಿಸುವುದಕ್ಕೆಂದು, ಚಿಕ್ಕವಳಿದ್ದಾಗ ತಾನು ಔಷಧಿಯನ್ನೆಲ್ಲ ಅಮ್ಮನ ಮುಖಕ್ಕೇ ಉಗುಳಿದ ಕಥೆ ಹೇಳಿದಳು. ಆ ಕಥೆಯನ್ನು ಯಾವಾಗ ಯಾರು ಹೇಳಿದರೂ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಕಲ್ಲಿನ ಹಾಗೆ ಕೂತಳು.

"ಏನಮ್ಮಾ ನೀನು, ಮಗು ಥರ ಹಟ ಮಾಡ್ತೀಯ!" ಅಕ್ಕನಿಗೆ ಸಾಕಾಗಿತ್ತು. "ಇರು, ಬೇರೆ ಬಟ್ಟಲಲ್ಲಿ ಹಾಕ್ಕೊಂಡು, ಮೇಲೆ ಎರಡು ಸೊಪ್ಪಿನ ಎಲೆ ಇಟ್ಕೊಂಡು ಬರ್ತೀನಿ. ಆಮೇಲೆ ನಗಲೇಬೇಕು ನೋಡು." ಅಡುಗೆಮನೆಗೆ ದಡದಡ ಹೋದಳು.

ತಂಗಿ ಫೋನು ಕೆಳಗಿಟ್ಟು ಅಮ್ಮನ ಕಾಲ ಬಳಿ ಕುಕ್ಕರುಬಡಿದಳು. ಮೈಯೆಲ್ಲ ಉರಿಯುತ್ತಿತ್ತು. ಇಂಥ ನಾಟಕದವಳ ಜೊತೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ನಾಚಿಕೆಯೂ ಆಗಿತ್ತು.

"ಗಂಟಲು ನೋಯ್ತಿದೆ ತಾನೇ?"

"ಹ್ಞೂಂ. ಕೆಂಡ ನುಂಗಿದ ಹಾಗಿದೆ."

"ಮತ್ತೆ ಯಾಕಮ್ಮಾ ಈ ಕರ್ಮ? ಒಂದೇ ಒಂದು ಸಲ ಸರಿಯಾಗಿ ನಕ್ಕುಬಿಡು. ಅವಳ ವಿಡಿಯೋ ಮುಗೀಲಿ, ಪೀಡೆ ತೊಲಗಲಿ."

ಅಮ್ಮ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ತಂಗಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

"ನಕ್ಕುಬಿಟ್ರೆ ಅವಳು ಹೊರಟುಬಿಡ್ತಾಳಲ್ಲೇ."

ಹೊತ್ತು ಹೊತ್ತಿಗೆ ಉಣಿಸಿದವಳು ತಾನು; ಅಮ್ಮನ ಹಸಿವು ತನಗೆ ಗೊತ್ತು ಅಂದುಕೊಂಡಿದ್ದಳು ತಂಗಿ. ಅಷ್ಟರಲ್ಲಿ ಅಕ್ಕನ ಹೆಜ್ಜೆ ಕೇಳಿಸಿತು. ಅಮ್ಮ ಗಡಿಬಿಡಿಯಿಂದ ನೆಟ್ಟಗೆ ಕೂತು, ಮುಖ ಗಂಟಿಕ್ಕಿಕೊಂಡು, ಬಾಯಿ ತೆರೆದಳು.